ಕಾಲು ತೊಳೆಯಗೊಡದ ದಿನ

ಅವ್ವಾ,

ಇದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ.

ನಿನ್ನೆ ಕೋಗಳಿಯ ನಮ್ಮ ಪ್ರಾರ್ಥನೆ ಮನೆಯಲ್ಲಿ ಮೊದಲ ಸಲ ನಾನೇ ಎದ್ದು ಮಾತಾಡಿದೆ. ಹೊಸ ಕರಪತ್ರವೊಂದನ್ನು ಹತ್ತು ಸಲ ಓದಿಕೊಂಡು ಹೋಗಿದ್ದೆ. ಕ್ರಿಸ್ತನು ಪರಲೋಕಕ್ಕೆ ಏರಿ ಹೋಗುವಾಗ ಮನುಷ್ಯ ದೇಹವನ್ನು ಕಳಚಿ ಬಿಸಾಡಲಿಲ್ಲ, ಇಂದಿಗೂ ಮನುಷ್ಯನಾಗಿಯೇ ಇದ್ದಾನೆ ಎಂದೆ. ದೇಹವನ್ನು ಕೀಳೆನ್ನುವವರು ಅವನನ್ನು ಅರಿತೇ ಇಲ್ಲ ಎಂದು ದನಿ ಏರಿಸಿದೆ.

ನಿನ್ನ ನಾದಿನಿ ಬಸಲಿಂಗಮ್ಮತ್ತೆ ಕುಳಿತಲ್ಲಿಂದಲೇ ಕೇಳಿದಳು: "ಈಗ್ಲೂ ಕೈಕಾಲು ಅದಾವೇನಲೇ ಆತಗ?"

"ಅದಾವ ಅತ್ತಿ. ಮೊಳಿ ಹೊಡೆದ ಗಾಯನೂ ಅದಾವ."

"ಹಂಗಾರ ನಿಮ್ಮವ್ವನ ಕಾಲು ತೊಳಿಯಾಕ ಯಾಕ ಬಿಡಲಿಲ್ಲ ನೀನು?"

ನೀನು ತೀರಿಕೊಂಡ ದಿನ ಅವಳು ಅರಿಸಿನ ಕದಡಿದ ಬಿಸಿನೀರು ತಂದಿದ್ದಳು. ಆತ್ಮ ಹೋದ ಮೇಲೆ ಇದು ಬರೀ ಮಣ್ಣು, ಹಳೆಯ ಪದ್ಧತಿ ಬೇಡ ಎಂದು ತಡೆದಿದ್ದೆ. ಅದನ್ನೂ ಒಂದು ಕರಪತ್ರದಲ್ಲೇ ಓದಿದ್ದೆ. ನೀನು ಈರುಳ್ಳಿ ಹೊಲದಿಂದ ಬಂದು ಹಾಗೇ ಮಲಗಿದವಳು ಮತ್ತೆ ಏಳಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ.

ಕ್ರಿಸ್ತನು ಸತ್ತವರನ್ನೆಲ್ಲ ದೇಹಸಮೇತ ಎಬ್ಬಿಸುವ ದಿನ, ನಿನಗಿಂತ ತುಸು ಮೊದಲು ನನ್ನನ್ನು ಎಬ್ಬಿಸಲಿ ಎಂದು ಬೇಡುತ್ತಿದ್ದೇನೆ. ನೀರು ಕಾಯಲು ಹೊತ್ತು ಬೇಕು.