ಡಿಗ್ರಿಯಲ್ಲದ ಓದು

ಗಾವಡಗೆರೆ, ಹುಣಸೂರು ತಾಲ್ಲೂಕು
೧೧ನೇ ಮೇ ೧೯೫೮

ಬಸವರಾಜು ಅವರಿಗೆ,

ಗಂಡನ ಹೆಸರು ಹಿಡಿದು ಬರೆಯಬಾರದೆಂದು ಬಲ್ಲೆ. ಬೇಕೆಂದೇ ಬರೆದಿದ್ದೇನೆ.

ನೀವು ಜರ್ಮನಿಯಿಂದ ಮಾವನವರಿಗೆ ಬರೆದ ಕಾಗದ ಸೋಮವಾರ ಬಂತು. ಅವರಿಗೆ ಓದು ಬಾರದೆಂದು ಅಂಗಡಿ ಕಂಠಪ್ಪನವರು ಜಗಲಿಯ ಮೇಲೆ ಏಳೆಂಟು ಜನರ ಮುಂದೆ ಗಟ್ಟಿಯಾಗಿ ಓದಿದರು. ರಜೆಗೆ ಬಂದಿದ್ದ ನಾನು ಬಾಗಿಲ ಹಿಂದೆಯೇ ಇದ್ದೆ. ಮದರಾಸಿನ ಕಡೆಯ ಗ್ರಾಮ ವಿದ್ಯಾಸಂಸ್ಥೆಯಲ್ಲಿ ನಾನು ಕಲಿಯುತ್ತಿರುವುದು ಸಗಣಿ ಬಾಚುವ ವಿದ್ಯೆಯಂತೆ. ಮೂರು ವರ್ಷ ಓದಿದರೂ ಸಿಗುವುದು ಡಿಗ್ರಿಯಲ್ಲ, ಬರೀ ಡಿಪ್ಲೊಮಾ. ಅಲ್ಲಿ ಓದುವವಳು ನನ್ನ ಹೆಂಡತಿ ಎನ್ನಲು ನಿಮಗೆ ನಾಚಿಕೆಯಂತೆ. ಓದು ಬಿಟ್ಟು ಮನೆಯಲ್ಲಿರಬೇಕು, ಇಲ್ಲವೇ ಜೊತೆಗಿಟ್ಟ ಮದುವೆಯ ಬಿಡುಗಡೆ ಪತ್ರಕ್ಕೆ ರುಜು ಹಾಕಬೇಕು.

ನಿಮಗೆ ಗೊತ್ತಿಲ್ಲದ್ದೊಂದನ್ನು ಹೇಳುತ್ತೇನೆ. ಹೋದ ವರ್ಷ, ನಿಮ್ಮ ಕಾಲೇಜಿನ ಜರ್ಮನ್ ಹೆಸರಿಗೆ ಹೈಸ್ಕೂಲು ಎಂದೇ ಅರ್ಥವೆಂದು ಯಾರೋ ಹೇಳಿ ಊರೆಲ್ಲ ನಕ್ಕಿತು. “ಸಮುದ್ರ ದಾಟಿ ಓಗಿ ಐಸ್ಕೂಲು ಓದ್ತಾವ್ನೆ ಕಣ್ಲಾ” ಎಂದು ಇದೇ ಕಂಠಪ್ಪನವರು ಆಡಿಕೊಂಡರು. ಮಾವನವರು ಒಂದು ತಿಂಗಳು ಸಂತೆಗೆ ಹೋಗಲಿಲ್ಲ. ನಾನು ನಮ್ಮ ಅಧ್ಯಾಪಕರನ್ನು ಕೇಳಿದೆ. ವಿದ್ಯೆಯ ಏರ್ಪಾಡು ದೇಶಕ್ಕೊಂದು ಬಗೆ, ಜರ್ಮನಿಯಲ್ಲಿ ಆ ಹೆಸರಿನ ಶಾಲೆ ಯೂನಿವರ್ಸಿಟಿಗೆ ಸಮ, ಡೆನ್ಮಾರ್ಕಿನಲ್ಲಿ ರೈತರ ಮಕ್ಕಳಿಗೆಂದೇ ಬೇರೆ ದೊಡ್ಡ ಶಾಲೆಗಳಿವೆ, ನಮ್ಮದು ಅವನ್ನು ನೋಡಿ ಕಟ್ಟಿದ್ದು ಎಂದರು. ಅದನ್ನೆಲ್ಲ ಬರೆದುಕೊಂಡು ಬಂದು, ಸೊಸೆಯಾದವಳು ಎಂದೂ ನಿಲ್ಲದ ಆ ಜಗಲಿಯ ಮೇಲೆ ನಿಂತು ಗಂಡಸರಿಗೆ ತಿಳಿಸಿ ಹೇಳಿದೆ. ಮಾವನವರು ಮರುವಾರವೇ ಸಂತೆಗೆ ಹೋದರು.

ಅಂದು ಒಂದು ಮಾತನ್ನು ಮಾತ್ರ ಬಚ್ಚಿಟ್ಟೆ. ನಿಮಗೆ ಅಲ್ಲಿ ಕೊಡುವುದೂ ಡಿಪ್ಲೊಮಾವೇ. ಕಂಠಪ್ಪನವರ ಬಾಯಿಗೆ ಅದು ಬೀಳದಿರಲೆಂದು ಸುಮ್ಮನಿದ್ದೆ. ನೀವು ನನ್ನನ್ನು ಅದೇ ಬಾಯಿಗೆ ಹಾಕಿದಿರಿ.

ಬಿಡುಗಡೆ ಪತ್ರಕ್ಕೆ ರುಜು ಹಾಕಿ ಇದರೊಳಗೆ ಇಟ್ಟಿದ್ದೇನೆ. ಅಕ್ಷರ ಸೊಟ್ಟಗಾಗಿದೆ, ಅಳುತ್ತ ಹಾಕಿದಳೆಂದು ತಿಳಿಯಬೇಡಿ, ಸಿಟ್ಟಿನಲ್ಲಿ ಲೇಖನಿ ಒತ್ತಿ ಹಾಕಿದೆ. ಜೂನ್ ತಿಂಗಳಲ್ಲಿ ಕೊನೆಯ ವರ್ಷದ ಓದಿಗೆ ಹೊರಡುತ್ತೇನೆ.

ಇನ್ನು ನಿಮ್ಮವಳಲ್ಲದ,
ಶಿವನಂಜಮ್ಮ

ಮರೆತದ್ದು: ಈ ಕಾಗದವನ್ನು ಮಾವನವರು ನನ್ನಿಂದಲೇ ಓದಿಸಿ ಕೇಳಿದರು. ಒಂದು ಸಾಲನ್ನೂ ಹೊಡೆದುಹಾಕು ಎನ್ನಲಿಲ್ಲ. ಕಡೆಗೆ, “ಅಂಚೆ ಚೀಟಿ ಬಿಗಿಯಾಗಿ ಅಂಟ್ಸವ್ವ, ವಾಪಸ್ ಬಂದ್ಬುಟ್ಟಾತು” ಎಂದರು.