ಗೊಂಬೆಯ ಎಡಗೆನ್ನೆ

ನಾವೀನ್ಯತಾ ನಿಧಿಯ ಅಧಿಕಾರಿಗಳಿಗೆ ನಮಸ್ಕಾರ.

ನೀವು ನಮ್ಮ ಗೊಂಬೆ ಕಾರ್ಖಾನೆಗೆ ಕೊಡಿಸಿದ ಕೆತ್ತನೆ ಯಂತ್ರ ಚೆನ್ನಾಗಿ ಓಡುತ್ತಿದೆ. ಗೊಂಬೆಯಾಟದ ತಂಡಗಳಿಗೆ ಈಗ ಹೇಳಿದ ಹೊತ್ತಿಗೆ ಗೊಂಬೆ ಕೊಡುತ್ತಿದ್ದೇವೆ.

ತೊಂದರೆ ಮುಖದ್ದು. ನಮ್ಮ ಗೊಂಬೆಯ ಬಲಗೆನ್ನೆ ನಗುತ್ತದೆ, ಎಡಗೆನ್ನೆ ಅಳುತ್ತದೆ. ಆಡಿಸುವವರು ಬೇಕಾದ ಕೆನ್ನೆಯನ್ನು ಬೆಳಕಿಗೆ ತಿರುಗಿಸುತ್ತಾರೆ. ನನ್ನ ಮಗ ಯಂತ್ರದಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟ.

"ಸೊಟ್ಟಗಿತ್ತಮ್ಮಾ, ನೆಟ್ಟಗೆ ಮಾಡ್ದೆ" ಎಂದ.

"ಮೊದ್ಲು ನಿನ್ ತಲೆ ನೆಟ್ಟಗೆ ಮಾಡ್ಕೋ" ಎಂದೆ.

ಮೊನ್ನೆಯ ಆಟದಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೊಂಬೆ ನಗುತ್ತಲೇ ನಿಂತಿತ್ತು. ಜನ ಗೊಳ್ಳೆಂದು ನಕ್ಕರು.

ಹಳೆಯ ಮುಖಗಳನ್ನು ಯಂತ್ರ ನಕಲು ಮಾಡೀತು. ಹೊಸ ಆಟಕ್ಕೆ ಹೊಸ ಮುಖ ಬೇಕಾದಾಗ ಮೊದಲನೆಯದನ್ನು ಕೈಯಲ್ಲೇ ಕೆತ್ತಬೇಕು. ಅದು ಮನೆಯಲ್ಲಿ ಬರುವುದು ನನಗೊಬ್ಬಳಿಗೆ. ಮೊಮ್ಮಗಳು ಕಲಿಯುತ್ತೇನೆ ಎನ್ನುತ್ತಾಳೆ. ನಿಧಿ ಇರುವುದು ಹೊಸ ಯಂತ್ರಗಳಿಗೆ, ಹಳೆಯ ವಿದ್ಯೆ ಕಲಿಯುವುದಕ್ಕಲ್ಲ ಎಂದು ನಿಮ್ಮ ಕಚೇರಿಯವರು ಹೇಳಿದರು. ಅವಳಿಗೆ ಅದು ಹೊಸತೇ. ಕಲಿಯುವಷ್ಟು ಕಾಲ ಅವಳಿಗೆ ಸಂಬಳ ಮಂಜೂರು ಮಾಡಿ, ಬೇಗ ಮಾಡಿ.

ನಾನು ಹೈಸ್ಕೂಲು ಓದಿದವಳು, ಈವರೆಗೆ ನನ್ನ ಪತ್ರವನ್ನು ಯಾರಿಂದಲೂ ಬರೆಸಿದವಳಲ್ಲ. ಇದನ್ನು ಮೊಮ್ಮಗಳಿಂದ ಬರೆಸಿದ್ದೇನೆ. ಸಹಿ ಮಾತ್ರ ನನ್ನದು. ಅದರ ಸೊಟ್ಟ ಗೆರೆಗಳನ್ನು ನೋಡಿದರೆ ಅವಸರ ಯಾಕೆಂದು ನಿಮಗೇ ತಿಳಿಯುತ್ತದೆ.

ಇಂತಿ,
ಗೊಂಬೆ ಕಾರ್ಖಾನೆಯ ಯಜಮಾನಿ