ಕೊನೇ ಸ್ಟಾಪಿನ ಹತ್ತು ನಿಮಿಷ

ಮಾರ್ಚ್ 3, ಸೋಮವಾರ. ಸಂಜೆ

ಏಳು ಟ್ರಿಪ್ಪು. ಬಸ್ಸಿನ ಕ್ಲಚ್ಚು ಇನ್ನೂ ಗಟ್ಟಿ. ಬರೆದುಕೊಟ್ಟು ಹದಿನೈದು ದಿನ ಆಯ್ತು, ಕೇಳೋರಿಲ್ಲ. ಎಡಮೊಣಕಾಲು ತನ್ನ ಕಂಪ್ಲೇಂಟು ಬೇರೆ ಕೊಡ್ತಿದೆ.

ಡ್ಯೂಟಿ ಇಳಿದವನೇ ಸೊಸೆಯನ್ನ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಮಗ ಪರವೂರಲ್ಲಿದ್ದಾನೆ, ಕೆಲಸದ ಮೇಲೆ. ಎರಡು ತಿಂಗಳಲ್ಲಿ ಮೂರನೇ ಸಲ ಮೂತ್ರದ ಸೋಂಕು, ಜ್ವರ. ಡಾಕ್ಟರಮ್ಮ ಕೇಳಿದರು — "ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?" ಇವಳು ನೆಲ ನೋಡಿದಳು. ನಾನೇ ಹೇಳಿದೆ. ಇವಳು ನಮ್ಮ ಡಿಪೋದಲ್ಲೇ ಕಂಡಕ್ಟರು. ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ ಕುಡಿಯೋದೇ ಇಲ್ಲ. ಕುಡಿದರೆ ಹೋಗಬೇಕಲ್ಲ, ಹೋಗೋಕೆ ಹೊತ್ತೆಲ್ಲಿ? ಕೊನೇ ಸ್ಟಾಪಿನಲ್ಲಿ ಜನ ಇಳಿದು ಮುಗಿಯೋದರೊಳಗೆ ವಾಪಸ್ ಹೊರಡೋ ಟೈಮು.

"ಇನ್ನೊಂದು ಸಲ ಹೀಗಾದರೆ ಕಿಡ್ನಿಗೆ ಪೆಟ್ಟು" ಅಂದರು.

ದಾರಿಯಲ್ಲಿ ಸೊಸೆ — "ಮಾವ, ಅತ್ತೆಗೆ ಹೇಳಬೇಡಿ. ಕೆಲಸ ಬಿಡು ಅಂತಾರೆ." ಬರೀ ಜ್ವರ ಅಂತ ಹೇಳಿದ್ದೇನೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕಾಗದೆ ಇಲ್ಲಿ ಬರೀತಿದೀನಿ.

ಮಾರ್ಚ್ 5, ಬುಧವಾರ

ಡಿಪೋ ಗೇಟಿನಲ್ಲಿ ಮೀಟಿಂಗು. ಹೊಸ ಒಪ್ಪಂದದ ಮಾತುಕತೆ ಶುರು ಅಂತೆ. ಮೈಕು ಭಾಷಣ ಮಾಡಿದ. ಸಂಘದ ಕಾರ್ಯದರ್ಶಿ. ಮೊದಲು ಹನ್ನೊಂದು ವರ್ಷ ನನ್ನ ಬಸ್ಸಿನಲ್ಲೇ ಕಂಡಕ್ಟರಾಗಿದ್ದ. ಆಗಲೇ ಅವನು "ರೈಟ್" ಅಂದರೆ ಹಿಂದಿನ ಬಸ್ಸೂ ಹೊರಡ್ತಿತ್ತು. ಅದಕ್ಕೇ ಆ ಅಡ್ಡಹೆಸರು.

"ಪ್ರತಿ ಟ್ರಿಪ್ಪಿನ ಕೊನೆಗೆ ಹತ್ತು ನಿಮಿಷ ಬಿಡುವು! ಅದಿಲ್ಲದೆ ಸಹಿ ಹಾಕಿದರೆ ನನ್ನ ಹೆಸರು ಬದಲಾಯಿಸಿ!"

ಹಿಂದಿನಿಂದ ಟೈರ್ ಸೆಕ್ಷನ್ನಿನವನು — "ಹೋದ ಸಲದ್ದೇ ಬದಲಾಯಿಸೋದು ಬಾಕಿ ಇದೆ ಸಾರ್, ಅದನ್ನ ಮೊದಲು ಮುಗಿಸೋಣ."

ಎಲ್ಲಾ ನಕ್ಕರು. ಮೈಕೂ ನಕ್ಕ. ನನಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆಯೂ ಇದೇ ಮಾತು, ಇದೇ ಗೇಟು. ಅವತ್ತು ಹಾಜರಿ ಅಂತ ಒಂದು ಪುಸ್ತಕ ತಿರುಗಿಸಿದರು. ಸಹಿ ಹಾಕಿದೆವು. ನಮ್ಮ ಕೈಗೆ ಅದೊಂದು ಚಟ. ಡ್ಯೂಟಿ ಹತ್ತುವಾಗ ಸಹಿ, ಟ್ರಿಪ್ ಶೀಟಿಗೆ ಸಹಿ, ಬಸ್ಸು ಒಪ್ಪಿಸುವಾಗ ಸಹಿ... ಪೆನ್ನು ಕಂಡರೆ ಸಾಕು, ಕೈ ತಾನೇ ಬಗ್ಗುತ್ತೆ. ಓದೋರು ಯಾರು? ಆಮೇಲೆ ನೋಡಿದರೆ ಆ ಹಾಳೆಗಳನ್ನೇ ಒಪ್ಪಂದದ ಹಿಂದೆ ಪಿನ್ ಮಾಡಿ "ಸದಸ್ಯರ ಒಪ್ಪಿಗೆ" ಅಂತ ಕೊಟ್ಟಿದ್ದರು. ಹತ್ತು ನಿಮಿಷದ ಸುದ್ದಿಯೇ ಇಲ್ಲ. ಮೊದಲ ಹಾಳೆ, ಮೂರನೇ ಸಹಿ — ನಂದು. ಬಾಲ ಎಳೆದು, ಅಂದವಾಗಿ. ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತೆ.

ಮಾರ್ಚ್ 16, ಭಾನುವಾರ. ವಾರದ ರಜೆ

ಬೆಳಿಗ್ಗೆ ಮೈಕು ಮನೆಗೆ ಬಂದ. ಚಪ್ಪಲಿ ಬಿಡುವಾಗಲೇ ಗೊತ್ತಾಯ್ತು, ಸುಮ್ಮನೆ ಬಂದಿಲ್ಲ. ನಾನು ಡಿಪೋ ಕ್ಯಾಂಟೀನಿನಲ್ಲಿ "ಪೂರ್ತಿ ಓದದೆ ಒಪ್ಪಬೇಡಿ" ಅಂತ ಎಲ್ಲರಿಗೂ ಹೇಳ್ತಿರೋದು ಅವನ ಕಿವಿಗೆ ಬಿದ್ದಿದೆ.

"ಅಣ್ಣಾ, ನಿಮ್ಮ ರಿಟೈರ್‌ಮೆಂಟಿಗೆ ಐದೇ ತಿಂಗಳು. ಈಗ್ಯಾಕೆ ಮೈಮೇಲೆ ಎಳಕೋತೀರಿ?"

"ಐದು ತಿಂಗಳೂ ಬಸ್ಸು ನಾನೇ ಓಡಿಸಬೇಕಲ್ಲಪ್ಪ."

ಆಮೇಲೆ ದನಿ ತಗ್ಗಿಸಿದ. ಅವನಿಗೆ ದನಿ ತಗ್ಗಿಸೋಕೆ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು! ಸೊಸೆಗೆ ಪಾಸ್ ಕೌಂಟರಿನಲ್ಲಿ ಡ್ಯೂಟಿ ಹಾಕಿಸ್ತಾನಂತೆ. ಫ್ಯಾನು, ಕುರ್ಚಿ, ಪಕ್ಕದಲ್ಲೇ ಟಾಯ್ಲೆಟ್ಟು. ನಾನು ಗೇಟಿನಲ್ಲಿ ಬಾಯಿ ಬಿಡಬಾರದು, ಅಷ್ಟೇ.

ಸುಳ್ಳು ಯಾಕೆ ಬರೀಲಿ. ಮನಸ್ಸು ಅರ್ಧ ಬಗ್ಗಿತು. ಡಾಕ್ಟರಮ್ಮನ ಮಾತು ಕಿವಿಯಲ್ಲೇ ಇತ್ತು. "ಅವಳನ್ನೇ ಕೇಳು" ಅಂದೆ.

ಸೊಸೆ ಬಾಗಿಲಿಗೆ ಒರಗಿ ಎಲ್ಲಾ ಕೇಳಿಸಿಕೊಂಡಿದ್ದಳು.

"ನನ್ನ ಬಸ್ಸಿಗೆ ಯಾರು ಬರ್ತಾರೆ ಸಾರ್?"

"ಯಾರೋ ಒಬ್ಬಳು ಬರ್ತಾಳೆ ಬಿಡಮ್ಮ."

"ಅವಳಿಗೂ ಮೂತ್ರ ಬರುತ್ತಲ್ಲ ಸಾರ್?"

ಮೈಕು ಟೀ ಕಪ್ಪು ಬಾಯಿಗೆ ಎತ್ತಿದ. ಅಷ್ಟರಲ್ಲಿ ನಮ್ಮ ಮನೆಯವಳು ಅಡುಗೆಮನೆಯಿಂದ ಬಂದಳು. "ಮೂರು ಸಲ ಜ್ವರ ಬಂದಿದ್ದು ಇದಕ್ಕಾ?" ಮೈಕಿನ ಕೈಯಲ್ಲಿ ಅರ್ಧ ಟೀ ಇತ್ತು. ಕಪ್ಪು ಕಿತ್ತುಕೊಂಡು ಒಳಗೆ ಹೋದಳು. ಮೂವತ್ತು ವರ್ಷದಲ್ಲಿ ಅವಳು ಯಾರಿಗೂ ಹಾಗೆ ಮಾಡಿದ್ದು ನೋಡಿಲ್ಲ.

ಕೆಲಸ ಬಿಡು ಅಂತ ಮಾತ್ರ ಅನ್ನಲಿಲ್ಲ. ನನಗೆ ಬೈದಳು, ಮುಚ್ಚಿಟ್ಟಿದ್ದಕ್ಕೆ. ಬೈಸಿಕೊಂಡೆ.

ಮಾರ್ಚ್ 21, ಶುಕ್ರವಾರ

ಇವತ್ತಿನದು ಪೂರ್ತಿ ಬರೀಬೇಕು.

ಗೇಟು ತುಂಬ ಜನ. ಒಪ್ಪಂದ ರೆಡಿ, ಆಡಳಿತದವರು ಒಪ್ಪಿದ್ದಾರೆ, ನಮ್ಮ ಬೇಡಿಕೆ ಗೆದ್ದಿದೆ ಅಂತ ಮೈಕು ಕೂಗಿದ. ಚಪ್ಪಾಳೆ. ನಾನು ಕೈ ಎತ್ತಿದೆ.

"ಪೂರ್ತಿ ಓದಪ್ಪ."

"ಅಣ್ಣಾ, ಇಪ್ಪತ್ತೆರಡು ಪುಟ. ಈ ಬಿಸಿಲಲ್ಲಿ..."

"ನಿನ್ನ ಗಂಟಲಿಗೆ ಇಪ್ಪತ್ತೆರಡು ಪುಟ ಯಾವ ಲೆಕ್ಕ? ಓದು."

ಹಿಂದಿನಿಂದಲೂ ಕೂಗು ಬಂತು — ಓದಿ, ಓದಿ. ಓದಿದ. ಹತ್ತೊಂಬತ್ತನೇ ಕಲಮಿಗೆ ಬಂದಾಗ ಸ್ಪೀಡು ಜಾಸ್ತಿ ಮಾಡಿದ. ನಾನು ತಡೆದು ಇನ್ನೊಂದು ಸಲ ಓದಿಸಿದೆ. "ಸಂಚಾರದ ಒತ್ತಡಕ್ಕೆ ಒಳಪಟ್ಟು, ಸಾಧ್ಯವಾದಲ್ಲಿ, ಹತ್ತು ನಿಮಿಷ ಮೀರದಂತೆ ಬಿಡುವು ನೀಡತಕ್ಕದ್ದು."

ಟೈರ್ ಸೆಕ್ಷನ್ನಿನವನು — "ಅಂದರೆ ಒಂದು ನಿಮಿಷವೂ ಕೊಡದಿದ್ದರೂ ಒಪ್ಪಂದ ಮುರಿದ ಹಾಗಲ್ಲ. ಭಲೇ!"

ಆಗಲೇ ಹಾಜರಿ ಪುಸ್ತಕ ತಿರುಗೋಕೆ ಶುರುವಾಗಿತ್ತು. ನನ್ನ ಕೈಗೆ ಬಂತು. ಸಹಿ ಹಾಕಿದೆ. ಅದರ ಪಕ್ಕದಲ್ಲಿ ದೊಡ್ಡದಾಗಿ ಬರೆದೆ — ಬಂದಿದ್ದೆ. ಒಪ್ಪಿಲ್ಲ. ಎರಡು ಸಾಲು ಹಿಡೀತು. ಮುಂದಿನವನು ನೋಡಿದ. ಅವನೂ ಬರೆದ. ಅವನ ಹಿಂದಿನವಳೂ. ಸೊಸೆ ಬರೆದು ಅಡಿಗೆರೆ ಬೇರೆ ಎಳೆದಳಂತೆ.

ಪುಸ್ತಕ ವಾಪಸ್ ಬಂದಾಗ ಮೈಕು ಹಾಳೆ ತಿರುವಿ ನೋಡಿದ. "ಅಣ್ಣಾ, ನನ್ನ ಮರ್ಯಾದೆ ತೆಗೆದಿರಿ."

"ನಮ್ಮ ಸಹಿ ವಾಪಸ್ ತಗೊಂಡ್ವಿ, ಅಷ್ಟೇ. ಹೋಗಿ ಆ ಕಲಮು ಬದಲಾಯಿಸಿಕೊಂಡು ಬಾ. ನಿನ್ನ ಹಿಂದೆ ನಾನೇ ನಿಲ್ತೀನಿ."

ಅವನು ಪುಸ್ತಕ ಕಂಕುಳಿಗೆ ಸೇರಿಸಿಕೊಂಡು ಹೊರಟ. ಅವನು ತರೋವರೆಗೆ ಕಾಯೋದು ಬೇಡ, ಸೋಮವಾರದಿಂದ ಹತ್ತು ನಿಮಿಷ ನಾವೇ ತಗೊಳ್ಳೋಣ ಅಂತ ತೀರ್ಮಾನ ಆಯ್ತು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 7.42

ಕೊನೇ ಸ್ಟಾಪು. ಇಂಜಿನ್ ಆಫ್. ಹಿಂದೆ ನಾಲ್ಕು ಬಸ್ಸು, ನಾಲ್ಕೂ ಆಫ್. ಇಷ್ಟು ಸದ್ದಿಲ್ಲದ ಕೊನೇ ಸ್ಟಾಪು ಇಪ್ಪತ್ತೊಂಬತ್ತು ವರ್ಷದಲ್ಲಿ ನೋಡಿಲ್ಲ. ಕ್ಯೂ ನಿಂತ ಹೆಂಗಸೊಬ್ಬರು ಏನಾಯ್ತು ಅಂದರು. ಹೇಳಿದೆ. "ಇಷ್ಟು ದಿನ ಇರಲಿಲ್ವಾ?" ಅಂತ ಅವರೇ ಬೆರಗಾದರು.

7.46. ಸೊಸೆಯ ಬಸ್ಸು ಮೂರನೇದು. ಅವಳೂ ಇನ್ನಿಬ್ಬರು ಕಂಡಕ್ಟರುಗಳೂ ಓಡದೆ, ನಡಕೊಂಡೇ ರಸ್ತೆ ದಾಟಿ ಟಾಯ್ಲೆಟ್ಟಿಗೆ ಹೋದರು.

7.49. ಬಸ್ಸುಗಳ ಟೈಮು ನೋಡೋ ಕಂಟ್ರೋಲರ್ ನನ್ನ ಕಿಟಕಿ ಬಡೀತಿದ್ದಾನೆ. ಮೆಮೋ ಕೊಡ್ತಾನಂತೆ, ಪೆನ್ಷನ್ ತಡೆಸ್ತಾನಂತೆ. ಕೊಡಲಿ. ಅದನ್ನೂ ಪೂರ್ತಿ ಓದಿಯೇ ತಗೋತೀನಿ. ಈಗ ಮಾತ್ರ ಇನ್ನೂ ಮೂರು ನಿಮಿಷ ನಮ್ಮದು. ಎಂಟಾಣೆಯಷ್ಟೂ ಬಿಡಲ್ಲ.

7.51. ಹುಡುಗಿಯರು ವಾಪಸ್ ಬರ್ತಿದ್ದಾರೆ. ಏನೋ ಜೋಕು, ಮೂವರೂ ನಗ್ತಿದ್ದಾರೆ. ಕಂಟ್ರೋಲರ್ ಅತ್ತ ತಿರುಗಿದ. ಸೊಸೆ ಅವನ ಮುಂದೆ ನಿಂತು ವಾಚು ತೋರಿಸಿ "ಇನ್ನೂ ಒಂದು ನಿಮಿಷ ಇದೆ ಸಾರ್" ಅಂತಿದ್ದಾಳೆ.